ಒಂದೇ ಬೆಳಕಿನಲ್ಲಿ ಸ್ವಾಗತವೂ ಉಪ್ಪಿಟ್ಟೂ

ನನ್ನ ಕಣ್ಣಿಗೆ ಕೆಂಪೂ ಒಂದೇ, ಹಸಿರೂ ಒಂದೇ. ಈಗ ಇದನ್ನು ಯಾರ ಮುಂದೆ ಬೇಕಾದರೂ ನಗುತ್ತಾ ಹೇಳುತ್ತೇನೆ. ಎಂಬತ್ತರ ದಶಕದ ನಡುವೆ, ಮಧುಗಿರಿಯಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದಾಗ, ಕುತ್ತಿಗೆಗೆ ಕತ್ತಿ ಹಿಡಿದಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಟೊಮೆಟೊ ಹಣ್ಣಾಗಿದೆಯೋ ಇನ್ನೂ ಕಾಯೋ ನಾನು ಹಿಚುಕಿ ನೋಡಿಯೇ ಹೇಳಬೇಕಿತ್ತು. ಸಂತೆಯಲ್ಲಿ ತರಕಾರಿಯವಳು ಒಂದು ದಿನ ತಾಳಿಕೊಂಡಳು, ಎರಡು ದಿನ ತಾಳಿಕೊಂಡಳು, ಮೂರನೇ ವಾರ ಕೈ ಮೇಲೆ ಬಾರಿಸಿದಳು.

ಇಂಥವನು ಹುಟ್ಟಿದ್ದು ಎಲ್ಲಿ ಅಂತೀರಿ? ಬಳೆ ಮಾರುವವರ ಮನೆಯಲ್ಲಿ! ದೇವರಿಗೂ ಒಮ್ಮೊಮ್ಮೆ ಹೊತ್ತು ಹೋಗುವುದಿಲ್ಲವೆಂದು ಕಾಣುತ್ತದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನೇ ಅಂಗಡಿ ನಡೆಸುತ್ತಿದ್ದಳು. ವಾರವೆಲ್ಲ ಮಧುಗಿರಿ ಪೇಟೆಯಲ್ಲಿ, ಶುಕ್ರವಾರ ಮಾತ್ರ ಗೊರವನಹಳ್ಳಿಯಲ್ಲಿ. ಅಲ್ಲಿ ಬಸ್ಸಿಳಿದು ಲಕ್ಷ್ಮಿಯ ದರ್ಶನಕ್ಕೆ ಹೋಗುವ ಹೆಂಗಸರು ಮಡಿಲಕ್ಕಿಗೆ, ಹರಕೆಗೆ, ಬಸುರಿ ಮಗಳ ಶಾಸ್ತ್ರಕ್ಕೆ ಎಲ್ಲಕ್ಕೂ ಕೇಳುವುದು ಹಸಿರು ಬಳೆ. ನಾನು ಕೆಂಪು ಕಟ್ಟಿ ಕೊಡುತ್ತಿದ್ದೆ. ಒಬ್ಬ ಅತ್ತೆಮ್ಮ ಗುಡಿಯ ಮೆಟ್ಟಿಲವರೆಗೆ ಹೋಗಿ, ಪೊಟ್ಟಣ ಬಿಚ್ಚಿ ನೋಡಿ, ವಾಪಸು ಬಂದು ನನ್ನ ಮುಖಕ್ಕೇ ಎಸೆದಿದ್ದಳು.

ಅಮ್ಮನ ತೌರು ಪಾವಗಡದಾಚೆ, ಆಂಧ್ರದ ಗಡಿ. ಸಾಧಾರಣ ಸಿಟ್ಟು ಬಂದರೆ ಕನ್ನಡದಲ್ಲಿ ಬೈಯುತ್ತಿದ್ದಳು, ಸಿಟ್ಟು ನೆತ್ತಿಗೇರಿದರೆ ತೆಲುಗಿನಲ್ಲಿ. "ಏಮ್ರಾ, ಕಂಡ್ಲು ಕನಪಡ್ವಾ? ಕಣ್ಣು ಬುಟ್ಟು ನೋಡ್ಲಾ! ಗಮನ ಎಲ್ಲಿ ಮೇಯೋಕ್ ಹೋಗಿರ್ತದೆ?" ಎಂದು ತಲೆಗೊಂದು ಮೊಟಕುತ್ತಿದ್ದಳು. ನನಗೆ ಬಣ್ಣ ತಿಳಿಯುವುದಿಲ್ಲವೆಂದು ಅವಳಿಗೂ ಗೊತ್ತಿರಲಿಲ್ಲ. ಮೈಗಳ್ಳ, ಕನಸು ಕಾಣುವವ, ವ್ಯಾಪಾರ ಬೇಡದವ ಎಂದುಕೊಂಡಿದ್ದಳು. ನಾನೂ ಹಾಗೆಯೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದೆ. ಕುರುಡ ಅನ್ನಿಸಿಕೊಳ್ಳುವುದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದು ವಾಸಿ ಎಂಬುದು ನನ್ನ ಆಗಿನ ಜಂಬ.

ಅಂಥ ಹೊತ್ತಿನಲ್ಲಿ ನನಗೊಂದು ಕೆಲಸ ಬಂತು. ಪಾವಗಡದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟೆಕ್ನಿಷಿಯನ್. ಅಮ್ಮ ಇಡೀ ಪೇಟೆಗೆ ಸಕ್ಕರೆ ಹಂಚಿ ಬಂದಳು. "ಸದ್ಯ, ಬಳೆ ಅಂಗಡಿ ಬದುಕ್ಕೊಂತು" ಎಂದು ಎದುರಿನ ದಿನಸಿಯವರು ಕೈಮುಗಿದರು. ಉಳಿದಿದ್ದು ಒಂದೇ: ಸರ್ಕಾರಿ ಡಾಕ್ಟರಿಂದ ಮೆಡಿಕಲ್ ಸರ್ಟಿಫಿಕೇಟ್. ಹಲ್ಲು, ಎದೆ, ತೂಕ ಎಲ್ಲಕ್ಕೂ ನಾನು ಸಿದ್ಧ. ಆದರೆ ಟೆಲಿಫೋನ್ ಕೇಬಲ್ಲಿನ ಹೊಟ್ಟೆ ಸೀಳಿದರೆ ಒಳಗೆ ಇರುವುದೆಲ್ಲ ಬಣ್ಣದ ತಂತಿ; ಕೆಂಪನ್ನು ಕೆಂಪಿಗೆ, ಹಸಿರನ್ನು ಹಸಿರಿಗೆ ಸೇರಿಸಬೇಕು. ಅದಕ್ಕೇ ಡಾಕ್ಟರು ಒಂದು ಪುಸ್ತಕ ತೋರಿಸುತ್ತಾರಂತೆ, ಪುಟದ ತುಂಬ ಬಣ್ಣದ ಚುಕ್ಕಿ, ಚುಕ್ಕಿಯೊಳಗೆ ಅಂಕಿ. ಕಣ್ಣು ಸರಿಯಿದ್ದವರಿಗೆ ಅಂಕಿ ಕಾಣುತ್ತದೆ. ನನ್ನಂಥವರಿಗೆ ಚೆಲ್ಲಿದ ರಾಗಿ ಕಾಣುತ್ತದೆ. ಮೆಡಿಕಲ್ಲಿಗೆ ಬುಧವಾರ ಗೊತ್ತುಮಾಡಿದ್ದರು.

ಅದಕ್ಕೂ ಮುಂಚಿನ ಸೋಮವಾರ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನಿಂದ ಮಾಡೆಲ್ಲುಗಳು ಬರುತ್ತವೆ. ಪ್ರತಿ ವರ್ಷವೂ ಅವೇ: ಥರ್ಮೋಕೋಲಿನ ಅಣೆಕಟ್ಟು, ಸೋಡಾ ಪುಡಿ ಹಾಕಿದರೆ ಉಕ್ಕುವ ಜ್ವಾಲಾಮುಖಿ, ಮುಟ್ಟಿದರೆ ಬಿದ್ದುಹೋಗುವ ಸೌರಮಂಡಲ. ನಮ್ಮ ಫಿಸಿಕ್ಸ್ ಮೇಷ್ಟ್ರಿಗೆ ಈ ಸಲ ಏನಾದರೂ ಹೊಸದು ಮಾಡಲೇಬೇಕೆಂಬ ಹುಚ್ಚು ಹತ್ತಿತು. ಯಾವುದೋ ಪತ್ರಿಕೆಯಲ್ಲಿ ಓದಿದ್ದರು. ಪರದೇಶದಲ್ಲಿ ತಾಮ್ರದ ತಂತಿ ಬಿಟ್ಟು ಕೂದಲಿನಷ್ಟು ಸಣ್ಣ ಗಾಜಿನ ಎಳೆಯೊಳಗೆ ಬೆಳಕು ಹರಿಸಿ ಮಾತು ಕಳಿಸುತ್ತಾರಂತೆ. ಅದೂ ಒಂದೇ ಎಳೆಯಲ್ಲಿ ಎರಡು ಬಣ್ಣ, ಎರಡು ಮಾತು.

"ಬೆಳಕು ಅಂದ್ರೆ ಅಲೆ ಕಣಯ್ಯಾ. ಕೆಂಪಿಂದು ಉದ್ದ ಅಲೆ, ಹಸಿರಿಂದು ಗಿಡ್ಡ. ಒಂದೇ ದಾರೀಲಿ ಬೆರೆಸಿ ಕಳಿಸಿದ್ರೂ ಒಂದಕ್ಕೊಂದು ತಾಕೋದಿಲ್ಲ. ಆ ತುದೀಲಿ ಬೇರೆ ಮಾಡ್ಕೊಂಡ್ರೆ ಆಯ್ತು" ಎಂದು ಸಿಗರೇಟಿನ ಹೊಗೆ ಬಿಡುತ್ತಾ ಹೇಳಿದರು. ನಾನು ಅವರ ಹಳೆಯ ಶಿಷ್ಯ, ಮೇಲಾಗಿ ನಾಳೆಯ ಟೆಲಿಫೋನಿನವನು, ಹಾಗಾಗಿ ಮಾಡೆಲ್ ಜೋಡಿಸುವ ಕೆಲಸ ನನ್ನ ತಲೆಗೆ ಕಟ್ಟಿದರು. ಒಲ್ಲೆ ಎನ್ನಲು ಕಾರಣ ಹೇಳಬೇಕಿತ್ತು. ಕಾರಣ ಹೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಒಪ್ಪಿಕೊಂಡೆ.

ನಿಜ ಹೇಳಬೇಕೆಂದರೆ ಒಂದೇ ದಾರಿಯಲ್ಲಿ ಎರಡು ಮಾತು ಬೆರೆಸುವ ವಿದ್ಯೆ ನಮ್ಮ ಸೀಮೆಗೆ ಹೊಸದೇನೂ ಆಗಿರಲಿಲ್ಲ. ಆ ಕಾಲದಲ್ಲಿ ಟ್ರಂಕ್ ಕಾಲ್ ಮಾಡಿದವರಿಗೆಲ್ಲ ಗೊತ್ತು. ನಾವು ಇತ್ತಲಿಂದ "ಹಲೋ, ಅಜ್ಜಿಗೆ ಹೆಂಗೈತೆ?" ಎಂದು ಕೇಳಿದರೆ ಅತ್ತಲಿಂದ ಯಾರೋ ಹುಣಸೆಹಣ್ಣಿನ ವ್ಯಾಪಾರಿ "ಇನ್ನೂ ಒಣಗಿಲ್ಲ, ಎಲ್ಡು ದಿನ ಬಿಸ್ಲಲ್ಲಿ ಹಾಕಿ" ಎನ್ನುತ್ತಿದ್ದ. ಬೆರೆಸುವುದರಲ್ಲಿ ನಾವು ಮುಂದಿದ್ದೆವು. ಬೇರ್ಪಡಿಸುವುದಕ್ಕೆ ಮಾತ್ರ ಮೇಷ್ಟ್ರು ಬೇಕಾದರು.

ಗಾಜಿನ ಎಳೆ ಎಲ್ಲಿಂದ ತರುವುದು? ಬೋರ್‌ವೆಲ್ ಅಂಗಡಿಯಿಂದ ದಪ್ಪನೆಯ ಪಿವಿಸಿ ಪೈಪು ತಂದೆವು. ಲ್ಯಾಂಪುಗಳಿಗೆ ಸಿರಾದ ಲೈಟಿಂಗ್ ಸಾಬರನ್ನು ಹಿಡಿದೆವು. ಪೌರಾಣಿಕ ನಾಟಕಗಳಿಗೆ ಲೈಟು ಬಾಡಿಗೆಗೆ ಕೊಡುವವರು ಅವರು. ಮೋಡ, ಬೆಂಕಿ, ಹಾವಿನ ಮೇಲೆ ಮಲಗಿದ ದೇವರು, ಇವನ್ನೆಲ್ಲ ಗಾಜಿನ ಸ್ಲೈಡಿನಿಂದ ಪರದೆಯ ಮೇಲೆ ಮೂಡಿಸುವ ಎರಡು ಲ್ಯಾಂಪು ಅವರಲ್ಲಿದ್ದವು. ಬಣ್ಣ ಬಣ್ಣದ ಜಿಲೆಟಿನ್ ಕಾಗದವೂ ಇತ್ತು. ಮೇಷ್ಟ್ರು ಅರ್ಧ ಗಂಟೆ ಪಾಠ ಮಾಡಿದ ಮೇಲೆ ಸಾಬರು ಗಡ್ಡ ಕೆರೆದುಕೊಂಡು, "ಕ್ಯಾ ಮೇಷ್ಟ್ರೇ, ರಾಕ್ಷಸನ ಮೇಲೆ ಲಾಲ್, ದೇವ್ರ ಮೇಲೆ ಹರಾ, ಅಂದ್ರೆ ಹಸ್ರು, ಬಿಡ್ತೀನಿ. ಲಾಲ್ ಲೈಟಲ್ಲಿ ಹಸ್ರು ಸೀರೆ ಕಪ್ಪಗಾಯ್ತದೆ, ಅದಕ್ಕೇ ರಾಣಿ ಪಾರ್ಟಿನವ್ರಿಗೆ ಹಸ್ರು ಸೀರೆ ಉಡ್ಬೇಡಿ ಅಂತೀನಿ. ಇದಕ್ಕೆಲ್ಲ ಫಾರಿನ್ ಕಿತಾಬ್ ಯಾಕೆ?" ಎಂದರು. ಮೇಷ್ಟ್ರ ಮುಖ ಹುಳ್ಳಗಾಯಿತು.

ಏರ್ಪಾಡು ಹೀಗಿತ್ತು. ಕಾಲೇಜು ಹಾಲಿನ ಒಂದು ತುದಿಯಲ್ಲಿ ಎರಡು ಲ್ಯಾಂಪು. ಒಂದಕ್ಕೆ ಕೆಂಪು ಕಾಗದ, ಇನ್ನೊಂದಕ್ಕೆ ಹಸಿರು. ಮಸಿ ಬಳಿದ ಗಾಜಿನ ಮೇಲೆ ಮೊಳೆಯಿಂದ ಕೆರೆದ ಅಕ್ಷರ ಎರಡಕ್ಕೂ ಒಂದೊಂದು. ಲ್ಯಾಂಪುಗಳ ಮುಂದೆ ಒಂದು ಕನ್ನಡಿ; ಅದರ ಹಿಂದಿನ ಬಣ್ಣವನ್ನು ನಾನು ಬ್ಲೇಡಿನಿಂದ ಗೆರೆ ಗೆರೆಯಾಗಿ ಕೆರೆದು ಓರೆಯಾಗಿ ನಿಲ್ಲಿಸಿದ್ದೆ. ಒಂದು ಬೆಳಕು ಗೆರೆಗಳ ನಡುವೆ ತೂರಿ ಹೋಗುತ್ತದೆ, ಇನ್ನೊಂದು ಕನ್ನಡಿಗೆ ತಾಕಿ ತಿರುಗಿ ಅದರ ಜೊತೆ ಸೇರಿಕೊಳ್ಳುತ್ತದೆ. ಎರಡೂ ಕೂಡಿ ಪೈಪಿನೊಳಗೆ ಹೋಗುತ್ತವೆ. ಪೈಪಿನ ಆ ತುದಿಯಲ್ಲಿ ಅಂಥದ್ದೇ ಇನ್ನೊಂದು ಕನ್ನಡಿ. ಅಲ್ಲಿ ಬೆಳಕು ಕವಲೊಡೆದು ಒಂದು ಪಾಲು ನೇರವಾಗಿ ವೇದಿಕೆಯ ಮೇಲಿನ ಪರದೆಗೆ, ಇನ್ನೊಂದು ಪಾಲು ಪಕ್ಕದ ಕಿಟಕಿಯಿಂದ ಅಡುಗೆ ಶೆಡ್ಡಿನ ಗೋಡೆಗೆ. ಬರಿಗಣ್ಣಿಗೆ ಎರಡೂ ಕಡೆ ಅಕ್ಷರದ ಮೇಲೆ ಅಕ್ಷರ ಬಿದ್ದು ಏನೂ ತಿಳಿಯದು. ವೇದಿಕೆಯ ದಾರಿಗೆ ಕೆಂಪು ಕಾಗದ ಅಡ್ಡ ಹಿಡಿದರೆ ಹಸಿರು ಅಕ್ಷರವನ್ನು ಅದು ನುಂಗುತ್ತದೆ, ಕೆಂಪು ಮಾತ್ರ ಉಳಿಯುತ್ತದೆ. ಅಡುಗೆಯ ಕಡೆ ಹಸಿರು ಕಾಗದ. ಆ ಎರಡು ಕಾಗದವೇ ಇಡೀ ಮಾಡೆಲ್ಲಿನ ಜೀವ.

ವೇದಿಕೆಗೆ ಸ್ವಾಗತದ ಬರಹ ಸರಿ, ಅಡುಗೆ ಶೆಡ್ಡಿಗೆ ಯಾಕೆ? ಅದು ಮೇಷ್ಟ್ರ ತಲೆ. "ಎರಡೂ ಕಡೆ ಸುಸ್ವಾಗತ ಅಂತ ಬರೆದ್ರೆ ಏನು ಸ್ವಾರಸ್ಯ? ನಿಜವಾದ ಕೆಲಸದ ಮಾತು ಹೋಗಬೇಕು. ಒಂದರ ಗುಟ್ಟು ಇನ್ನೊಂದಕ್ಕೆ ತಿಳಿಯಬಾರದು. ಅದೇ ಇದರ ಮಹಿಮೆ!" ಎಂದು ತೊಡೆ ತಟ್ಟಿದರು. ಹಾಗಾಗಿ ಕೆಂಪು ಸ್ಲೈಡಿನಲ್ಲಿ ಮುಖ್ಯ ಅತಿಥಿಗಳಾದ, ಯಾವುದೋ ಮಂಡಳಿಯ ಅಧ್ಯಕ್ಷರಿಗೆ ಸ್ವಾಗತ: "ತ್ಯಾಗಮೂರ್ತಿಗಳೇ, ನಿಮ್ಮ ಪಾದ ಸೋಕಿ ಈ ನೆಲ ಪಾವನ." ಹಸಿರು ಸ್ಲೈಡಿನಲ್ಲಿ ಅಡುಗೆ ಭಟ್ಟರಿಗೆ ಅಪ್ಪಣೆ: "ಗೋಡಂಬಿ ಕೇಸರಿಬಾತು ವೇದಿಕೆಗೆ ಮಾತ್ರ. ಜನಕ್ಕೆ ಉಪ್ಪಿಟ್ಟು. ಅಧ್ಯಕ್ಷರ ಮಾತು ಹತ್ತು ನಿಮಿಷ ದಾಟಿದರೆ ಊಟದ ಗಂಟೆ ಹೊಡಿ."

ಕೊನೆಯ ಸಾಲಿಗೆ ಕಾರಣವಿತ್ತು. ಹತ್ತಿರದ ಪುರವರ ಎಂಬ ಊರಿನಲ್ಲಿ ಅದೇ ಅಧ್ಯಕ್ಷರು ಒಂದು ಕೊಠಡಿ ಉದ್ಘಾಟನೆಗೆ ಬಂದು ಎರಡೂವರೆ ಗಂಟೆ ಮಾತಾಡಿದ್ದರು.

ನಾನು ನನ್ನ ಮಾನ ಉಳಿಸಿಕೊಳ್ಳಲು ಒಂದು ಉಪಾಯ ಮಾಡಿದ್ದೆ. ಸಾಬರು ಕಾಗದ ಕೊಡುವಾಗ ಯಾವುದು ಯಾವುದೆಂದು ಕೇಳಿಕೊಂಡು ಹಸಿರು ಕಾಗದದ ಮೂಲೆ ಮಡಿಚಿಟ್ಟಿದ್ದೆ. ಭಾನುವಾರದ ತಾಲೀಮು ಹೂವೆತ್ತಿದ ಹಾಗೆ ನಡೆಯಿತು. ಮೇಷ್ಟ್ರು ನನ್ನ ಬೆನ್ನು ತಟ್ಟಿ, "ಟೆಲಿಫೋನ್ ಇಲಾಖೆ ಪುಣ್ಯ ಮಾಡಿತ್ತು ಕಣಯ್ಯಾ" ಎಂದರು. ನಾನು ಹಲ್ಲು ಗಿಂಜಿದೆ.

ಸೋಮವಾರ ಬೆಳಿಗ್ಗೆ ಬೆಳಕು ಹಾಯುವ ಕಿಟಕಿಯೊಂದನ್ನು ಬಿಟ್ಟು ಹಾಲಿಗೂ ಅಡುಗೆ ಶೆಡ್ಡಿಗೂ ಕರಿಕಂಬಳಿ ಹೊದಿಸಿ ಕತ್ತಲೆ ಮಾಡಿದ್ದಾಯಿತು. ಅಧ್ಯಕ್ಷರು ಬಂದರು. ಅವರ ಪಕ್ಕದ ಕುರ್ಚಿಯಲ್ಲಿ ಯಾರು? ಸರ್ಕಾರಿ ಡಾಕ್ಟರು! ಬುಧವಾರ ನನ್ನ ಕಣ್ಣು ನೋಡಬೇಕಾದ ಅದೇ ಡಾಕ್ಟರು. ಅಷ್ಟರಲ್ಲಿ ಸಾಬರು ಓಡಿ ಬಂದು, "ಅರೇ, ನಿನ್ನೆ ಕಾಗದ ಬಿಸಿಗೆ ಸುಕ್ಕಾಗೋಯ್ತು, ಹೊಸದು ತಗೊ. ಯೇ ಲಾಲ್, ಯೇ ಹರಾ" ಎಂದು ಎರಡು ಹೊಸ ತುಂಡು ಕೈಗಿತ್ತು ಲ್ಯಾಂಪಿನ ಕಡೆ ಹೋದರು. ನಾನು ಮೂಲೆ ಮಡಿಸಬೇಕು ಅನ್ನುವಷ್ಟರಲ್ಲಿ ಹಾರ ಹಿಡಿದವರ ಗುಂಪು ನುಗ್ಗಿ ನನ್ನನ್ನು ಗೋಡೆಗೆ ಒತ್ತಿತು. ಕಾಗದ ಎರಡೂ ಕೈಯಿಂದ ಜಾರಿ ಬಿದ್ದವು. ಬಗ್ಗಿ ಎತ್ತಿಕೊಂಡೆ. ಯಾವುದು ಲಾಲು, ಯಾವುದು ಹರಾ? ನನ್ನ ಕಣ್ಣಿಗೆ ಎರಡೂ ಒಂದೇ ಮಡಕೆಯ ನೀರು.

ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಪಕ್ಕದಲ್ಲಿ ನೂರು ಜನ ಇದ್ದರು. ಇಪ್ಪತ್ತೆರಡು ವರ್ಷದ ಬಿ.ಎಸ್ಸಿ. ಗಂಡಸು, ಅದೂ ಡಾಕ್ಟರ ಮುಂದೆ, "ಇದ್ರಲ್ಲಿ ಕೆಂಪು ಯಾವುದ್ರೀ?" ಎಂದು ಕೇಳುವುದು ಹೇಗೆ? ಬಾಯಿ ಬಿಗಿದುಕೊಂಡು, ಮನಸ್ಸಿನಲ್ಲಿ ಗೊರವನಹಳ್ಳಿ ಲಕ್ಷ್ಮಿಯನ್ನು ನೆನೆದು, ಒಂದನ್ನು ವೇದಿಕೆಯ ಕಡೆ, ಒಂದನ್ನು ಕಿಟಕಿಯ ಕಡೆ ಸಿಕ್ಕಿಸಿದೆ. ಲಕ್ಷ್ಮಿಗೆ ನಾನು ಕಟ್ಟಿಕೊಟ್ಟ ಕೆಂಪು ಬಳೆಗಳ ಸಿಟ್ಟು ಇನ್ನೂ ಇಳಿದಿರಲಿಲ್ಲವೆಂದು ಕಾಣುತ್ತದೆ.

ಮೇಷ್ಟ್ರು "ಈಗ ನೋಡಿ, ಅಧ್ಯಕ್ಷರಿಗಾಗಿಯೇ ಬೆಳಕು ಹೊತ್ತು ತರುವ ಸಂದೇಶ!" ಎಂದು ಕೈ ಎತ್ತಿದರು. ಲ್ಯಾಂಪು ಹತ್ತಿತು. ಪರದೆಯ ಮೇಲೆ ಅಕ್ಷರ ಮೂಡಿತು, ಮುತ್ತಿನಂತೆ, ಒಂದಕ್ಕೊಂದು ತಾಕದಂತೆ. ವಿಜ್ಞಾನ ಎಳ್ಳಷ್ಟೂ ತಪ್ಪಿರಲಿಲ್ಲ. ಅಧ್ಯಕ್ಷರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು, ಯಾಕೆಂದರೆ ಅವರು ಏನನ್ನೂ ಮೆಲ್ಲಗೆ ಓದಿದವರಲ್ಲ. "ಗೋಡಂಬಿ ಕೇಸರಿಬಾತು ವೇದಿಕೆಗೆ ಮಾತ್ರ. ಜನಕ್ಕೆ ಉಪ್ಪಿಟ್ಟು."

ಹಾಲಿನ ಹಿಂದಿನ ಸಾಲಿನಿಂದ "ಓಹೋ!" ಎಂದು ಒಂದು ಧ್ವನಿ ಬಂತು. ಪಾವಗಡದ ಕಡೆಯವನೊಬ್ಬ ಎದ್ದು ನಿಂತು, "ಇದೇನ್ರೀ ಅನ್ಯಾಯಂ! ನಲವತ್ತು ಮೈಲಿ ಬಸ್ಸಲ್ಲಿ ನಿಂತ್ಕೊಂಡ್ ಬಂದಿದ್ದು ಉಪ್ಪಿಟ್ ತಿನ್ನೋಕಾ?" ಎಂದ. ಅಧ್ಯಕ್ಷರು ಅಷ್ಟರಲ್ಲಿ ಮೂರನೇ ಸಾಲಿಗೆ ಬಂದಿದ್ದರು. "ಅಧ್ಯಕ್ಷರ ಮಾತು ಹತ್ತು ನಿಮಿಷ ದಾಟಿದರೆ..." ಓದು ನಿಂತಿತು. ಓದು ಬಾರದವರಿಗೂ ಪಕ್ಕದವರು ಮಿಕ್ಕಿದ್ದನ್ನು ಓದಿ ಹೇಳಿದರು. ನಾಲ್ಕು ತಾಲ್ಲೂಕಿನ ಜನ ಒಟ್ಟಾಗಿ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅತ್ತ ಅಡುಗೆ ಶೆಡ್ಡಿನಲ್ಲಿ ಬೇರೆಯೇ ಕಥೆ. ಭಟ್ಟರು ಸೌಟು ಹಿಡಿದು ಗೋಡೆಯನ್ನೇ ನೋಡುತ್ತಿದ್ದರು. ತ್ಯಾಗಮೂರ್ತಿಗಳೇ, ನಿಮ್ಮ ಪಾದ ಸೋಕಿ ಈ ನೆಲ ಪಾವನ. ಅವರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, "ಮೂವತ್ತು ವರ್ಷ ಹೊಗೆ ಕುಡಿದದ್ದಕ್ಕೆ ಇವತ್ತು ಒಬ್ರು ಗುರುತಿಸಿದ್ರಪ್ಪ" ಎಂದರಂತೆ. ಆಮೇಲೆ ಆ ಸಂತೋಷದಲ್ಲಿ ಕೇಸರಿಬಾತನ್ನು ಬಂದವರಿಗೆಲ್ಲ ಬಡಿಸಿಬಿಟ್ಟರು. ವೇದಿಕೆಯವರಿಗೆ ಉಳಿದದ್ದು ಉಪ್ಪಿಟ್ಟು. ಅಧ್ಯಕ್ಷರು ಅದನ್ನೂ ಮುಟ್ಟದೆ ಕಾರು ಹತ್ತಿದರು. ಭಾಷಣವೇ ಆಗಲಿಲ್ಲ. ಆ ವರ್ಷದ ಪ್ರದರ್ಶನದಿಂದ ಜನಕ್ಕೆ ಆದ ಉಪಕಾರ ಅದೊಂದೇ.

ಮೇಷ್ಟ್ರು ನನ್ನ ರಟ್ಟೆ ಹಿಡಿದು ಎಳೆದರು. "ಕೆಂಪು ಯಾವುದು, ಹಸಿರು ಯಾವುದು ಅಂತ ತಿಳಿಯದಷ್ಟು ಕುರುಡನೇನಯ್ಯಾ ನೀನು?" ಎಂದು ಎಲ್ಲರೆದುರು ಕೂಗಿದರು. ಡಾಕ್ಟರು ನಗುತ್ತಿದ್ದವರು ನಗು ನಿಲ್ಲಿಸಿ ನನ್ನನ್ನೇ ನೋಡಿದರು. ಹತ್ತಿರ ಬಂದು, ಅಧ್ಯಕ್ಷರು ಬಿಟ್ಟುಹೋದ ಶಾಲನ್ನು ಎತ್ತಿ ಹಿಡಿದು, "ಇದೇನು ಬಣ್ಣ?" ಎಂದು ಮೆಲ್ಲಗೆ ಕೇಳಿದರು. "ಹಸಿರು ಸಾರ್" ಎಂದೆ. "ಹೂಂ. ಬುಧವಾರ ಬರೋನು ನೀನೇ ಅಲ್ವಾ? ತಾಯಿನೂ ಕರ್ಕೊಂಡು ಬಾ" ಎಂದಷ್ಟೇ ಹೇಳಿ ಹೋದರು. ಶಾಲು ಕೆಂಪಂತೆ.

ಕೆಲಸ ಕೈಬಿಟ್ಟಿತೆಂದೇ ಅಂದುಕೊಂಡೆ. ಆದರೆ ಮಂಗಳವಾರ ಒಂದು ಸಂಗತಿ ನಡೆಯಿತು. ತಾಲೀಮಿಗೆಂದು ಕೆಂಪು ಕಾಗದ ಕತ್ತರಿಸಿದಾಗ ಜೇಬಿನಲ್ಲಿ ಉಳಿದಿದ್ದ ಒಂದು ಚೂರನ್ನು, ಅಂಗಡಿಯಲ್ಲಿ ಕೂತು, ಬೇಸರಕ್ಕೆ ಕಣ್ಣಿಗೆ ಅಡ್ಡ ಹಿಡಿದೆ. ಎದುರಿಗೆ ಬಳೆ ರಾಶಿ. ಅರೆ! ಅರ್ಧ ಬಳೆಗಳು ಕಪ್ಪಗಾದವು, ಅರ್ಧ ಕೆಂಡದಂತೆ ಉಳಿದವು. ಕಾಗದ ತೆಗೆದರೆ ಎಲ್ಲ ಒಂದೇ. ಹಿಡಿದರೆ ಬೇರೆ ಬೇರೆ. ಸಾಬರು ಹೇಳಿದ್ದ ರಾಣಿಯ ಸೀರೆ ನೆನಪಾಯಿತು. ಕಪ್ಪಗಾದದ್ದೆಲ್ಲ ಹಸಿರು! ಹುಟ್ಟಿದಾಗಿನಿಂದ ಕಾಣದ್ದನ್ನು ನಾನು ಕಂಡಿದ್ದೆ. ಒಂದು ಗಂಟೆ ಕೂತು ಇಡೀ ಅಂಗಡಿಯ ಬಳೆ ಬೇರೆ ಮಾಡಿದೆ. ಆಮೇಲೆ ಬಂದ ಗಿರಾಕಿಗಳಿಗೆ ಕೊಟ್ಟರೆ ಒಂದೂ ತಪ್ಪಲಿಲ್ಲ. ಖುಷಿಗೆ ಕುಣಿಯುವುದೊಂದು ಬಾಕಿ.

ಬುಧವಾರ ಡಾಕ್ಟರು ಪುಸ್ತಕ ತೆರೆದಾಗ ನಾನು ಧೈರ್ಯವಾಗಿ ಜೇಬಿನಿಂದ ಕಾಗದ ತೆಗೆದು ಕಣ್ಣಿಗೆ ಹಿಡಿದೆ. ಚೆಲ್ಲಿದ ರಾಗಿಯೊಳಗಿಂದ ಅಂಕಿ ಎದ್ದು ಬಂದವು. ಪುಟದ ಮೇಲೆ ಪುಟ ಪಟಪಟನೆ ಹೇಳಿದೆ. ಡಾಕ್ಟರು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, "ಭೇಷ್! ಆದ್ರೆ ಪಾಸಾಗಿದ್ದು ಕಾಗದ ಕಣಪ್ಪ. ಆರ್ಡರ್ ನಿನ್ನ ಹೆಸರಿಗೆ ಬಂದಿದೆ" ಎಂದರು. ಪೆನ್ನು ತೆಗೆದು ಸರ್ಟಿಫಿಕೇಟಿನ ಮೇಲೆ ಅನರ್ಹ ಎಂದು ಬರೆದು ಸಹಿ ಹಾಕಿ ನನ್ನ ಕೈಗಿತ್ತರು.

ಆಗ ಪಕ್ಕದಲ್ಲಿ ಕೂತಿದ್ದ ಅಮ್ಮ ಶುರುಮಾಡಿದಳು. "ಸ್ವಾಮಿ, ಅವ್ನಿಗೇನ್ ಕಮ್ಮಿ ಆಗದೆ? ಕಣ್ಣು ಚೆನ್ನಾಗೇ ಅವೆ. ಬರೀ ಅಡ್ಡಗಮನ. ನಾಕು ಬುಟ್ರೆ ಸರಿ ಹೋಯ್ತದೆ!"

"ಹೊಡೆದ್ರೆ ಹೋಗೋದಲ್ಲ ತಾಯಿ. ಹುಟ್ಟಿನಿಂದಲೇ ಬಂದಿದ್ದು. ಇವನು ಬೇಕು ಅಂತ ತಪ್ಪು ಮಾಡ್ತಿರಲಿಲ್ಲ, ಇವನಿಗೆ ಕಾಣ್ತಾನೇ ಇರಲಿಲ್ಲ. ಇದು ಸಾಮಾನ್ಯವಾಗಿ ತಾಯಿ ಕಡೆಯಿಂದ ಬರುತ್ತೆ. ನಿಮಗೆ ಬಣ್ಣ ಸರಿಯಾಗೇ ಕಾಣುತ್ತೆ, ಆದ್ರೆ ನಿಮ್ಮ ತಂದೆಗೆ ಹೀಗೇನಾದ್ರೂ ಇತ್ತಾ?"

"ನಮ್ಮಪ್ಪಂಗಾ? ನಮ್ಮಪ್ಪಂಗೆ ಏನಿತ್ತು ಅಂದ್ರೆ ಕುಡಿಯೋ ಚಟ ಇತ್ತು" ಎಂದು ಅಮ್ಮ ಸಿಡುಕಿದಳು. ಅದೇ ವೇಗದಲ್ಲಿ ಹೇಳುತ್ತಾ ಹೋದಳು. ಅವರಪ್ಪ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತಿದ್ದವನು. ಗಡಿಯ ಒಂದು ಊರಿನಲ್ಲಿ, ಮದುವೆ ಹೆಣ್ಣಿಗೆ ಹಸಿರು ಬಳೆ ತೊಡಿಸೋ ಅಂದರೆ ನಡುನಡುವೆ ಕೆಂಪು ಸೇರಿಸಿ ತೊಡಿಸಿದನಂತೆ. ಕುಡಿದು ಬಂದು ಶಾಸ್ತ್ರ ಕೆಡಿಸಿದ ಅಂತ ಮಲಾರ ಕಿತ್ತುಕೊಂಡು ಆಚೆ ದಬ್ಬಿದರಂತೆ. "ಒಂದು ತೊಟ್ಟೂ ಮುಟ್ಟಿಲ್ಲ, ನಿನ್ನಾಣೆ ಮಗ್ಳೇ ಅಂತ ನಮ್ಮನೆ ಬಾಗ್ಲಿಗೆ ಬಂದ. ನಾನು ಹೊಸದಾಗಿ ಮದ್ವೆ ಆಗಿ ಬಂದಿದ್ದೆ. ಕುಡ್ಕೊಂಡು ಆಣೆ ಬೇರೆ ಇಡ್ತೀಯಾ ಅಂತ..."

ಅಮ್ಮ ನನ್ನ ಕೈಯಲ್ಲಿದ್ದ ಸರ್ಟಿಫಿಕೇಟನ್ನು ನೋಡಿದಳು. ಓದು ಬಾರದವಳು, ಆದರೂ ಬಹಳ ಹೊತ್ತು ನೋಡಿದಳು.

"ಅಂಗಾರೆ ಅವತ್ತು ನಮ್ಮಪ್ಪ ಕುಡ್ದಿರ್ಲಿಲ್ವಾ, ಸ್ವಾಮಿ?"

ಡಾಕ್ಟರು ಪುಸ್ತಕ ಪಕ್ಕಕ್ಕೆ ಸರಿಸಿ, "ಆ ತಪ್ಪು ಮಾಡೋಕೆ ಕುಡೀಬೇಕಾಗಿರಲಿಲ್ಲ, ತಾಯಿ" ಎಂದರು.

ಅಮ್ಮ ಎದ್ದು ಆಸ್ಪತ್ರೆಯ ಜಗುಲಿಗೆ ಬಂದು ಕಂಬಕ್ಕೆ ಒರಗಿ ಕೂತಳು. "ಆಮ್ಯಾಕೆ ಅವ್ನು ಬರ್ಲೇ ಇಲ್ಲ ಕಣ್ಲಾ. ಸತ್ತ ಸುದ್ದಿನೇ ಬಂತು. ಅವತ್ತು ನಾನು ಬಾಗ್ಲು ತೆಗೀಲಿಲ್ಲ" ಎಂದಳು. ಪಾವಗಡದ ಕೆಲಸ ಹೋಯಿತಲ್ಲ ಎಂದು ಅಳಬೇಕಾಗಿದ್ದ ನಾನು ಅವಳ ಪಕ್ಕದಲ್ಲಿ ಕೂತು, ಮುಖವನ್ನೇ ನೋಡಿರದ ಆ ತಾತನಿಗಾಗಿ ಅತ್ತುಬಿಟ್ಟೆ.